ಕುದುರೆಯ ಮೇವೂ ಖನಿಜಾಂಶಗಳೂ

ಕುದುರೆಗೆ ದಿನದ ಮೇವನ್ನೂ ದಾಣಿಯನ್ನೂ ಕೊಟ್ಟಮೇಲೆ ಉಪ್ಪು, ಸುಣ್ಣ ಮೊದಲಾದ ಖನಿಜಾಂಶಗಳನ್ನು ಬೇರೆಯಾಗಿ ಕೊಡಬೇಕೆ ಎಂಬುದು ಪಶುವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ತೋರಬಹುದು. ಆದರೆ ಪ್ರಾಚೀನ ಗ್ರಂಥಗಳನ್ನು ಓದುವವರಿಗೂ ಪಾಠಹೇಳುವವರಿಗೂ ಇದು ವಿಚಾರಣೀಯವೇ. ಈ ವಿಷಯವನ್ನರಿಯದೆ ಆ ಗ್ರಂಥಗಳ ಕೆಲವು ಶಬ್ದಗಳಿಗೆ ಅರ್ಥಮಾಡಹೊರಟರೆ ದಾರಿತಪ್ಪುವ ಸಂಭವವುಂಟು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ಅಶ್ವಾಧ್ಯಕ್ಷ ಪ್ರಕರಣವು ಉತ್ತಮಾಶ್ವದ ಆಹಾರವನ್ನು ವಿಧಿಸುತ್ತದೆ. ಅಲ್ಲಿ ಎರಡು ದ್ರೋಣ ಧಾನ್ಯ, ಒಂದು ಪ್ರಸ್ಥ ಸ್ನೇಹ, ಇವುಗಳೊಡನೆ ಐದು ಪಲ ಲವಣವನ್ನು ಹೇಳಿದೆ. ಮುಂದೆ ಪಾನದೊಡನೆ ಐದು ಪಲ ಕ್ಷಾರವೂ ಬರುತ್ತದೆ. ವೈದ್ಯಗ್ರಂಥಗಳ ಬಳಕೆಯನ್ನು ನೆನೆದು ಈ ‘ಕ್ಷಾರ’ವನ್ನೂ ಖನಿಜವೆಂದೆಣಿಸುವುದು ಸುಲಭ. ಆದರೆ ಅದೇ ಗ್ರಂಥದ ಕೋಷ್ಠಾಗಾರಾಧ್ಯಕ್ಷ ಪ್ರಕರಣದಲ್ಲಿ ಕ್ಷಾರವರ್ಗವೆಂದರೆ ಕಾಕಂಬಿ, ಬೆಲ್ಲ, ಸಕ್ಕರೆಗಳು. ಸೈಂಧವ, ಸಾಮುದ್ರ ಮೊದಲಾದುವು ಲವಣವರ್ಗಕ್ಕೆ ಸೇರಿವೆ. ಯವಕ್ಷಾರವೂ ಅಲ್ಲಿಯೇ ಎಣಿಸಲ್ಪಟ್ಟಿದೆ. ಆದುದರಿಂದ ಇಲ್ಲಿ ಖನಿಜವೆಂದು ಕೊಡಬೇಕಾದುದು ಉಪ್ಪೊಂದೇ.

ಈ ವಿಧಿಯು ಇಂದಿನ ಶಾಸ್ತ್ರಕ್ಕೂ ಸಮ್ಮತವಾದುದು. ಹುಲ್ಲಿನಲ್ಲಿಯೂ ಕಾಳಿನಲ್ಲಿಯೂ ಸೋಡಿಯಂ ಅತ್ಯಲ್ಪ. ಕುದುರೆಯ ಬೆವರಿನಲ್ಲಾದರೋ ಮನುಷ್ಯನ ಬೆವರಿಗಿಂತ ಉಪ್ಪು ಹೆಚ್ಚು. 500 ಕಿಲೋಗ್ರಾಂ ತೂಕದ ಕುದುರೆಗೆ ವಿಶ್ರಾಂತಿಯ ದಿನದಲ್ಲಿಯೂ ಸುಮಾರು 25 ರಿಂದ 30 ಗ್ರಾಂ ಉಪ್ಪು ಬೇಕು. ಬಳ್ಳಾರಿಯ ಬಿಸಿಲಿನಲ್ಲಿ ದುಡಿಯುವುದಾದರೆ ಇನ್ನೂ ಹೆಚ್ಚು ಬೇಕಾಗುವುದು.

ಸುಣ್ಣದ ವಿಚಾರ ಹೀಗೆ ಒಂದೇ ಮಾತಿನಲ್ಲಿ ಮುಗಿಯತಕ್ಕುದಲ್ಲ. ಕುದುರೆಯ ಆಹಾರದಲ್ಲಿ ಸುಣ್ಣಾಂಶವು ರಂಜಕಾಂಶಕ್ಕಿಂತ ಕಡಮೆಯಾಗಬಾರದು. ಒಂದೂವರೆಯಿಂದ ಎರಡು ಪಾಲಿದ್ದರೆ ಲೇಸು. ಕಡಮೆಯಾದಾಗ ಶರೀರವು ತನ್ನ ಎಲುಬುಗಳಿಂದಲೇ ಸುಣ್ಣವನ್ನು ಸೆಳೆದುಕೊಳ್ಳುತ್ತದೆ. ಎಲುಬು ಟೊಳ್ಳಾಗಿ, ಮೋರೆ ಊದಿ, ಕುದುರೆ ಕುಂಟುತ್ತದೆ. ಬೂಸಾವನ್ನೇ ಹೆಚ್ಚಾಗಿ ತಿನ್ನುತ್ತಿದ್ದ ಗಿರಣಿಗಳ ಕುದುರೆಗಳಲ್ಲಿ ಈ ರೋಗವು ಹಿಂದೆ ಪ್ರಸಿದ್ಧವಾಗಿತ್ತು. ನಮ್ಮ ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 290 ಮಿಲಿಗ್ರಾಂ ಸುಣ್ಣಾಂಶವೂ 310 ಮಿಲಿಗ್ರಾಂ ರಂಜಕವೂ ಇವೆ. ಎರಡೂ ಹೆಚ್ಚುಕಡಮೆ ಸಮಾನ. ಬೂಸಾ ತೌಡುಗಳಲ್ಲಿಯಾದರೋ ರಂಜಕವು ಸುಣ್ಣದ ಹಲವು ಪಟ್ಟು ಇರುತ್ತದೆ.

ಸಿರುಗುಪ್ಪದ ಬಳಿಯ ರಾರಾವಿಯ ಸೀಮೆಯನ್ನು ನೋಡಿದರೆ ಇದರ ಮಹತ್ವ ಸ್ಪಷ್ಟವಾಗುವುದು. ಇದು ಎರೆಭೂಮಿ, ಜೋಳದ ನಾಡು. ಒಣಗಿದ ಜೋಳದ ಸೊಪ್ಪೆಯಲ್ಲಿ ಸುಣ್ಣವು ರಂಜಕಕ್ಕಿಂತ ಹೆಚ್ಚು. ಅದರೊಡನೆ ನೆನೆಸಿದ ಹುರುಳಿಯನ್ನಿಟ್ಟರೆ ತಕ್ಕಡಿ ಬಹಳವಾಗಿ ವಾಲದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ತಿಯಾಗಿ, ಕಾಲುವೆಗಳ ನೀರು ಹರಿದಮೇಲೆ ಸಿರುಗುಪ್ಪದ ಸುತ್ತ ನೆಲ್ಲು ಹಬ್ಬಿತು. ನೆಲ್ಲುಹುಲ್ಲಿನಲ್ಲಿರುವ ಆಕ್ಸಲೇಟು ಸುಣ್ಣವನ್ನು ಹಿಡಿದಿಟ್ಟು ಶರೀರಕ್ಕೆ ಒದಗಗೊಡದು. ಅದಕ್ಕೆ ತೌಡೂ ಕೂಡಿದರೆ ಕೊರತೆ ಇಮ್ಮಡಿಯಾಗುವುದು. ಹಳೆಯ ಮೇವಿಗೆ ಬೇಡವಾಗಿದ್ದ ಸುಣ್ಣದ ಪೂರಣ ಹೊಸ ಮೇವಿಗೆ ಬೇಕಾಗುತ್ತದೆ.

ಹಾಗೆಂದು ಸಕಲ ಖನಿಜಗಳನ್ನೂ ಬೆರೆಸಿ ಉಣಿಸುವುದು ಜಾಣತನವಲ್ಲ. ಸೆಲೆನಿಯಂ ಎಂಬುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಸಾಕು. ಅದು ಮಿತಿಮೀರಿದರೆ ಕೇಸರವೂ ಬಾಲದ ಕೂದಲೂ ಉದುರಿ ಗೊರಸು ಕೆಡುವುದು. ತಾಮ್ರ, ಸತು ಮೊದಲಾದುವನ್ನೂ ಮೇವನ್ನು ಪರೀಕ್ಷಿಸಿಯೇ ಕೊಡತಕ್ಕದ್ದು.

ಆದುದರಿಂದ ಸಿದ್ಧಾಂತವಿಷ್ಟು: ಉಪ್ಪು ಎಲ್ಲ ಕುದುರೆಗಳಿಗೂ ಬೇಕು, ಸುಣ್ಣವು ಮೇವನ್ನನುಸರಿಸಿ ಬೇಕು, ಉಳಿದುವು ಕೊರತೆ ಕಂಡಲ್ಲಿ ಮಾತ್ರ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯದಂತಹ ಗ್ರಂಥಗಳನ್ನು ಓದುವಾಗಲೂ ಒಂದೊಂದು ದ್ರವ್ಯದ ಹೆಸರಿಗೆ ಆ ಗ್ರಂಥದೊಳಗಣ ಅರ್ಥವನ್ನೂ, ಅದನ್ನು ತಿಂದ ಕುದುರೆಯ ಉಳಿದ ಮೇವನ್ನೂ ಒಟ್ಟಿಗೆ ವಿಚಾರಿಸುವುದು ಯುಕ್ತವು.