ಮೋಟಾರ್ ಸೈಕಲ್ಲಿನ ಇಂಧನದೋಷಗಳು ಮತ್ತು ಅವುಗಳ ನಿದಾನ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಗಾಡಿನಲ್ಲಿ ಮೋಟಾರ್ ಸೈಕಲ್ಲು ವಿಲಾಸದ ವಸ್ತುವಾಗಿ ಉಳಿದಿಲ್ಲ. ಇಸಳೂರಿನಂಥ ಊರಿನಿಂದ ಅಡಿಕೆ ವ್ಯವಹಾರಕ್ಕೆಂದು ಶಿರಸಿಯ ಪೇಟೆಗೆ ಹೋಗುವವರಿಗೂ, ಮಣ್ಣುದಾರಿಯ ಕೊನೆಯ ಮನೆಯಿಂದ ಮಕ್ಕಳನ್ನು ಶಾಲೆಗೆ ಮುಟ್ಟಿಸುವವರಿಗೂ, ಮಳೆಗಾಲದ ರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವವರಿಗೂ ಅದೇ ಆಧಾರ. ಅಂಥ ವಾಹನವು ಕೆಸರಿನ ಏರಿನ ನಡುವೆ ಉಸಿರು ಕಟ್ಟಿ ನಿಂತರೆ ಅದು ಕೇವಲ ಯಂತ್ರದ ತೊಂದರೆಯಾಗಿ ಉಳಿಯುವುದಿಲ್ಲ. ಆಗ ಬಹುಮಂದಿ ಮೊದಲು ಮಾಡುವ ಕೆಲಸವೆಂದರೆ ಕಾರ್ಬುರೇಟರಿನ ತಿರುಪುಗಳನ್ನು ತಿರುವುವುದು. ರೋಗವಾವುದೆಂದು ತಿಳಿಯುವ ಮುನ್ನವೇ ಔಷಧ ಕೊಟ್ಟಂತೆ ಇದು. ಒಂದು ದೋಷವಿದ್ದಲ್ಲಿ ಎರಡಾಗುತ್ತವೆ. ಮೊದಲು ನಿದಾನ, ಆನಂತರ ಚಿಕಿತ್ಸೆ ಎಂಬ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ವಿದ್ಯುನ್ಮಾನ ಇಂಧನ ಸಿಂಪರಣ ವ್ಯವಸ್ಥೆ ಆಕ್ರಮಿಸಿದೆ. ಆದರೂ ಹಿಂದಿನ ವಾಹನಗಳು ನಮ್ಮ ರಸ್ತೆಗಳಿಂದ ಮರೆಯಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಹೆಸರಿನಲ್ಲಿಯೂ, 1973ರಿಂದ ಯೆಜ್ಡಿ ಹೆಸರಿನಲ್ಲಿಯೂ ತಯಾರಿಸಿದ ವಾಹನಗಳು ಕಾರ್ಖಾನೆ 1996ರಲ್ಲಿ ಮುಚ್ಚಿದ ಬಳಿಕವೂ ಓಡುತ್ತಿವೆ. ಕಚ್ಚಾರಸ್ತೆಗೆಂದೇ ರೂಪಿಸಿದ ಹೀರೋ ಎಕ್ಸ್‌ಪಲ್ಸ್ 200 ವಾಹನವೂ 2019ರಲ್ಲಿ ಮಾರುಕಟ್ಟೆಗೆ ಬಂದಾಗ ಕಾರ್ಬುರೇಟರ್ ಸಹಿತವಾಗಿ ದೊರೆಯುತ್ತಿತ್ತು.

ಕಾರ್ಬುರೇಟರಿನ ತತ್ತ್ವವು ನಮ್ಮ ಅಧ್ಯಾಪಕರಿಗೆ ಹೊಸದಲ್ಲ. ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. 1738ರಲ್ಲಿ ಡೇನಿಯಲ್ ಬರ್ನೌಲಿ ಪ್ರಕಟಿಸಿದ ಈ ನಿಯಮದಂತೆಯೇ ಕೆಳಗಿನ ಬಟ್ಟಲಿನ ಪೆಟ್ರೋಲು ಸಣ್ಣ ರಂಧ್ರಗಳ ಮೂಲಕ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಮಿಶ್ರಣ ಗಟ್ಟಿ, ಕಡಿಮೆಯಾದರೆ ತೆಳು. ಇಂಧನದ ದೋಷಗಳೆಲ್ಲವೂ ಕೊನೆಗೆ ಈ ಎರಡರಲ್ಲೊಂದಾಗಿಯೇ ಕಾಣಿಸಿಕೊಳ್ಳುತ್ತವೆ.

ಎಂಜಿನ್ ಚಾಲೂ ಆಗದಿದ್ದಲ್ಲಿ ಮೊದಲು ಪರೀಕ್ಷಿಸಬೇಕಾದುದು ಸ್ಪಾರ್ಕ್ ಪ್ಲಗ್ಗನ್ನು. ಹಲವು ಬಾರಿ ಕಿಕ್ ಮಾಡಿದ ಮೇಲೆ ಪ್ಲಗ್ಗು ಒದ್ದೆಯಾಗಿದ್ದರೆ ಇಂಧನ ತಲುಪುತ್ತಿದೆ. ಕಿಡಿ ಇಲ್ಲ, ಇಲ್ಲವೇ ಇಂಧನ ಮಿತಿಮೀರಿದೆ. ಒಣಗಿದ್ದರೆ ಇಂಧನವೇ ತಲುಪುತ್ತಿಲ್ಲ. ಆಗ ಟ್ಯಾಂಕಿನಿಂದಲೇ ಶೋಧನೆ ಆರಂಭವಾಗಬೇಕು. ಕಾರ್ಬುರೇಟರಿಗೆ ಬರುವ ಕೊಳವೆಯನ್ನು ಕಳಚಿ, ನಲ್ಲಿ ತೆರೆದು, ಗಾಜಿನ ಪಾತ್ರೆಯೊಂದಕ್ಕೆ ಪೆಟ್ರೋಲನ್ನು ಬಿಡಬೇಕು. ಧಾರೆ ಸಮನಾಗಿದ್ದರೆ ಸರಿ. ಮೊದಲು ಚೆನ್ನಾಗಿ ಹರಿದು ಕ್ರಮೇಣ ಕ್ಷೀಣಿಸಿದರೆ, ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕೆಸರಿನಿಂದ ಮುಚ್ಚಿಕೊಂಡಿರುವ ಸಂಭವವಿದೆ. ನಾಲ್ಕಾರು ಮೈಲಿ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಚಾಲೂ ಆಗುವ ವಾಹನಗಳಲ್ಲಿ ಅನೇಕ ವೇಳೆ ದೋಷ ಇಷ್ಟೇ. ಮುಚ್ಚಳವನ್ನು ತೆರೆದೊಡನೆ ಧಾರೆ ಮರಳಿದರೆ ನಿದಾನ ಖಚಿತವಾದಂತೆ. ಈ ಪರೀಕ್ಷೆಗಳನ್ನು ಬಯಲಿನಲ್ಲಿ, ತಣಿದ ಎಂಜಿನ್ನಿನ ಮೇಲೆ, ಬೆಂಕಿಯಿಂದ ದೂರವಿದ್ದು ಮಾಡತಕ್ಕದ್ದು.

ಎಂಜಿನ್ ಚಾಲೂ ಆಗಿಯೂ ಸರಿಯಾಗಿ ಓಡದಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಎಕ್ಸಲರೇಟರನ್ನು ಎಷ್ಟು ತಿರುವಿದಾಗ ತೊಂದರೆ ಕಾಣುತ್ತದೆ? ಕಾರ್ಬುರೇಟರಿನಲ್ಲಿ ಒಂದೊಂದು ಭಾಗವು ಒಂದೊಂದು ಹಂತವನ್ನು ಆಳುತ್ತದೆ. ನಿಂತಲ್ಲಿಯ ಓಟವೂ, ಎಂಟನೆಯ ಒಂದು ಭಾಗದವರೆಗಿನ ತಿರುವೂ ಪೈಲಟ್ ಜೆಟ್ಟಿಗೆ ಸೇರಿದವು. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೊರೆತವೂ, ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯೂ, ಅದಕ್ಕೂ ಮೇಲೆ ಮೇನ್ ಜೆಟ್ಟೂ ಪ್ರಧಾನ. ಈ ಎಲ್ಲೆಗಳು ಒಂದರೊಳಗೊಂದು ಬೆರೆಯುತ್ತವಾದರೂ ದಿಕ್ಕು ತೋರಲು ಸಾಕು. ಪೇಟೆಯ ರಸ್ತೆಯಲ್ಲಿ ಸರಿಯಾಗಿ ಓಡಿ, ದೇವಿಮನೆ ಘಟ್ಟದ ಏರಿನಲ್ಲಿ ಪೂರ್ಣ ತಿರುವಿದಾಗ ಮಾತ್ರ ಸೊರಗುವ ವಾಹನದಲ್ಲಿ ಪೈಲಟ್ ತಿರುಪನ್ನು ಮುಟ್ಟುವುದು ವ್ಯರ್ಥ. ಮೇನ್ ಜೆಟ್ಟು, ಇಂಧನದ ಹರಿವು, ಗಾಳಿಶೋಧಕ ಇವುಗಳನ್ನು ನೋಡಬೇಕು. ಸಮುದ್ರಮಟ್ಟದ ಕುಮಟೆಯಿಂದ ಶಿರಸಿಯ ಎತ್ತರಕ್ಕೆ ಏರಿದಾಗ ಗಾಳಿಯ ಸಾಂದ್ರತೆ ಶೇಕಡಾ ಐದಾರರಷ್ಟು ಮಾತ್ರ ಇಳಿಯುತ್ತದೆ. ಜೆಟ್ಟು ಬದಲಿಸಲು ಅದೊಂದೇ ಕಾರಣವಾಗದು.

ಮಿಶ್ರಣವು ಗಟ್ಟಿಯೋ ತೆಳುವೋ ಎಂಬುದನ್ನು ಚೋಕ್ ತಿಳಿಸುತ್ತದೆ. ಬಿಸಿಯಾದ ಎಂಜಿನ್ನಿಗೆ ಸ್ವಲ್ಪ ಚೋಕ್ ಕೊಟ್ಟಾಗ ಓಟ ಸುಧಾರಿಸಿದರೆ ಮಿಶ್ರಣ ತೆಳು, ಕೆಟ್ಟರೆ ಗಟ್ಟಿ. ಪ್ಲಗ್ಗಿನ ತುದಿಯೂ ಸಾಕ್ಷಿ ನುಡಿಯುತ್ತದೆ. ಒಣ ಕಪ್ಪುಮಸಿ ಗಟ್ಟಿ ಮಿಶ್ರಣದ ಗುರುತು, ಸುಣ್ಣದಂಥ ಬಿಳುಪು ತೆಳು ಮಿಶ್ರಣದ ಗುರುತು, ತಿಳಿಕಂದು ಆರೋಗ್ಯದ ಗುರುತು. ಗಟ್ಟಿಯಾಗಿದ್ದಲ್ಲಿ ಧೂಳು ತುಂಬಿದ ಗಾಳಿಶೋಧಕ, ಹಿಂದಿರುಗದ ಚೋಕ್, ಸವೆದ ಫ್ಲೋಟ್ ವಾಲ್ವ್ ಇವುಗಳನ್ನು ನೋಡಬೇಕು. ತೆಳುವಾಗಿದ್ದಲ್ಲಿ ಕಟ್ಟಿದ ಜೆಟ್ಟನ್ನೂ, ಕಾರ್ಬುರೇಟರ್ ಹಾಗೂ ಎಂಜಿನ್ನಿನ ನಡುವಣ ಬಿರುಕು ಬಿಟ್ಟ ರಬ್ಬರನ್ನೂ ನೋಡಬೇಕು. ಎಕ್ಸಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಬೇಗ ಇಳಿಯದಿರುವುದು ಆ ಬಿರುಕಿನ ಒಂದು ಲಕ್ಷಣ. ಪೈಲಟ್ ಜೆಟ್ಟಿನ ರಂಧ್ರವು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಅದನ್ನು ಉಕ್ಕಿನ ತಂತಿಯಿಂದ ಚುಚ್ಚಿದರೆ ಅಳತೆಯೇ ಕೆಡುತ್ತದೆ. ದ್ರಾವಕದಲ್ಲಿ ನೆನೆಸಿ ಗಾಳಿಯಿಂದ ಊದುವುದೇ ಕ್ಷೇಮ.

ಎರಡು ಸ್ಟ್ರೋಕಿನ ಯೆಜ್ಡಿಯಂಥ ವಾಹನಗಳಲ್ಲಿ ತೆಳು ಮಿಶ್ರಣವು ವಿಶೇಷ ಅಪಾಯಕಾರಿ. ಅವುಗಳ ಪಿಸ್ಟನ್ನಿಗೆ ಬೇಕಾದ ಎಣ್ಣೆಯು ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ಪೆಟ್ರೋಲು ಕಡಿಮೆಯಾದೊಡನೆ ಎಣ್ಣೆಯೂ ಕಡಿಮೆಯಾಗಿ, ಶಾಖವೇರಿ, ಏರಿನ ನಡುವೆ ಪಿಸ್ಟನ್ ಕಚ್ಚಿಕೊಳ್ಳಬಹುದು. ಹಿಂದಿನ ಗಾಲಿ ಥಟ್ಟನೆ ಬಿಗಿದರೆ ಸವಾರನ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಇಂಧನ ಉಳಿಸುವ ಆಸೆಯಿಂದ ಮಿಶ್ರಣವನ್ನು ತೆಳುಮಾಡುವ ರೂಢಿಯನ್ನು ಬಿಡಲೇಬೇಕು.

ಮಲೆನಾಡಿನ ಮಳೆಗಾಲವು ಇನ್ನೊಂದು ಸಮಸ್ಯೆಯನ್ನು ತಂದೊಡ್ಡುತ್ತದೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದಾದ್ಯಂತ ಬಳಕೆಗೆ ಬಂದಿತು. ಈ ಇಂಧನಕ್ಕೆ ಸುಮಾರು 13.5 ಭಾಗ ಗಾಳಿಯೇ ಸಾಕು. ಆದುದರಿಂದ ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ. ಮೇಲಾಗಿ ಎಥೆನಾಲ್ ನೀರನ್ನು ಹೀರುತ್ತದೆ. ಹೀರಿದ ನೀರು ಮಿತಿ ಮೀರಿದಾಗ ನೀರೂ ಎಥೆನಾಲೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ನಲ್ಲಿಯ ಬಾಯಿಗೆ ಮೊದಲು ಸಿಗುವುದು ಅದೇ. ಹಳೆಯ ರಬ್ಬರು ಮೆತ್ತಗಾಗಿ, ಉಕ್ಕಿನ ಟ್ಯಾಂಕು ತುಕ್ಕು ಹಿಡಿದು, ಆ ತುಕ್ಕು ಜೆಟ್ಟಿಗೆ ಸೇರುತ್ತದೆ. ಬಟ್ಟಲಿನ ಕೆಳಗಿನ ತಿರುಪನ್ನು ಸಡಿಲಿಸಿ ಇಂಧನವನ್ನು ಗಾಜಿನಲ್ಲಿ ಹಿಡಿದರೆ, ತಳದಲ್ಲಿ ಕಾಣುವ ಪ್ರತ್ಯೇಕ ಪದರವೇ ಉತ್ತರ. ತಿಂಗಳುಗಟ್ಟಲೆ ವಾಹನವನ್ನು ನಿಲ್ಲಿಸುವುದಾದರೆ ಬಟ್ಟಲನ್ನು ಬರಿದುಮಾಡಿ ಟ್ಯಾಂಕನ್ನು ತುಂಬಿಡುವುದು ಲೇಸು. ಟ್ಯಾಂಕಿನಲ್ಲಿ ತೇವದ ಗಾಳಿಗೆ ಎಡೆ ಕಡಿಮೆಯಾಗುತ್ತದೆ.

ಎಥೆನಾಲಿನ ಪ್ರಮಾಣವನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಸ್ಥೂಲವಾಗಿ ಅಳೆಯಬಹುದು. ಅಳತೆಯ ಗಾಜಿನ ಕೊಳವೆಗೆ 10 ಮಿಲಿಲೀಟರ್ ನೀರನ್ನೂ 50 ಮಿಲಿಲೀಟರ್ ಪೆಟ್ರೋಲನ್ನೂ ಹಾಕಿ, ಕುಲುಕಿ, ನಿಲ್ಲಿಸಬೇಕು. ಕೆಳಗಿನ ಪದರವು 20 ಮಿಲಿಲೀಟರಿನ ಸಮೀಪಕ್ಕೆ ಏರಿದರೆ ಪೆಟ್ರೋಲಿನಲ್ಲಿ ಶೇಕಡಾ 20ರ ಆಸುಪಾಸು ಎಥೆನಾಲ್ ಇದೆಯೆಂದು ಗ್ರಹಿಸಬಹುದು. ಅಧ್ಯಾಪಕರ ಸಮ್ಮುಖದಲ್ಲಿ, ದೀಪಗಳನ್ನೆಲ್ಲ ಆರಿಸಿ, ಕಿಟಕಿಗಳನ್ನು ತೆರೆದು ಇದನ್ನು ಮಾಡಬೇಕು.

ಒಂದು ಬಾರಿಗೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆದಿಡು, ಫಲ ಕಾಣದಿದ್ದರೆ ಮೊದಲಿದ್ದಂತೆಯೇ ಇಡು: ಒಳ್ಳೆಯ ಮೆಕ್ಯಾನಿಕ್ ಅನುಸರಿಸುವ ಈ ನಿಯಮವು ವಿಜ್ಞಾನದ ನಿಯಮವೇ ಆಗಿದೆ. ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಹಲವರು ಗ್ಯಾರೇಜುಗಳಲ್ಲಿ ದುಡಿಯುತ್ತಿರಬಹುದು, ಇನ್ನೂ ಹಲವರು ಅಂಥ ವಾಹನಗಳನ್ನು ನಂಬಿ ಬದುಕುತ್ತಿರಬಹುದು. ದಾನಿಗಳು ಶಾಲೆಗೊಂದು ಹಳೆಯ ಕಾರ್ಬುರೇಟರನ್ನು ಕೊಡಿಸಿ, ಅಧ್ಯಾಪಕರು ಅದನ್ನು ಬಿಚ್ಚಿ ತೋರಿಸಿದರೆ, ಹಲಗೆಯ ಮೇಲೆ ಬರೆದ ಬರ್ನೌಲಿಯ ನಿಯಮವು ವಿದ್ಯಾರ್ಥಿಗಳ ಅಂಗೈಯಲ್ಲಿ ಕಾಣುವಂತಾಗುತ್ತದೆ.