ಫೆರಾರಾ ಅರಮನೆಯ ಗುಟ್ಟಿನ ಗಾಯನ

ಇಟಲಿಯ ಮೊದೆನಾ ನಗರದ ಎಸ್ತೆ ಕಲಾಸಂಗ್ರಹಾಲಯದಲ್ಲಿ ಹಳೆಯದೊಂದು ಹಾರ್ಪ್ ಇದೆ. ನೆಟ್ಟಗೆ ನಿಲ್ಲಿಸಿ ಎರಡೂ ಕೈಗಳಿಂದ ಮೀಟುವ ತಂತಿವಾದ್ಯ ಇದು. 1581ರಲ್ಲಿ ರೋಮಿನಲ್ಲಿ ತಯಾರಾದ ಈ ವಾದ್ಯಕ್ಕೆ ಎರಡು ಸಾಲು ತಂತಿಗಳು, ಮೈತುಂಬ ಚಿತ್ತಾರ. ಇದರೊಂದಿಗೆ ಬಹುಕಾಲದಿಂದ ಕೇಳಿಬರುವ ಹೆಸರು ಲಾರಾ ಪೆವೆರಾರಾಳದು.

ಮಾಂತುವಾದ ವರ್ತಕನೊಬ್ಬನ ಮಗಳಾದ ಲಾರಾ 1580ರಲ್ಲಿ ಫೆರಾರಾದ ದೊರೆ, ಡ್ಯೂಕ್ ಎರಡನೇ ಅಲ್ಫೊನ್ಸೊನ ಆಸ್ಥಾನ ಸೇರಿದಳು. ಹಾಡುವುದಕ್ಕೂ ಹಾರ್ಪ್ ನುಡಿಸುವುದಕ್ಕೂ ಆಕೆಯನ್ನು ಕರೆಸಿಕೊಂಡಿದ್ದರೂ ಕೊಟ್ಟ ಸ್ಥಾನ ಮಾತ್ರ ಡಚೆಸ್ ಮಾರ್ಗರಿತಾಳ ಸಖಿಯದು. ಗೌರವಸ್ಥ ಹೆಂಗಸು ಸಂಬಳಕ್ಕೆ ಹಾಡುವುದನ್ನು ಒಪ್ಪದ ಕಾಲವದು. ಲಾರಾ ಹಾರ್ಪ್ ಹಿಡಿದರೆ ಲಿವಿಯಾ ದಾರ್ಕೊ ವಯೊಲ್, ಆನ್ನಾ ಗ್ವಾರಿನಿ ಲ್ಯೂಟ್ ನುಡಿಸುತ್ತಿದ್ದರು. ಮೂವರೂ ಕೂಡಿ ಹಾಡುತ್ತಿದ್ದುದು ಒಳಮನೆಯಲ್ಲಿ, ದೊರೆ ಆರಿಸಿ ಕರೆದ ಕೆಲವೇ ಅತಿಥಿಗಳ ಮುಂದೆ.

ಅಲಂಕಾರದ ಓಟಗಳನ್ನು ಮೂರು ಕಂಠಗಳು ಒಂದೇ ಉಸಿರಿನಂತೆ ಹಾಡುವುದೇ ಈ ಗಾಯನದ ಬೆರಗು. ನಮ್ಮ ಕಛೇರಿಗಳನ್ನು ಕೇಳಿ ಬಲ್ಲವರು ಇದನ್ನು ಮನೋಧರ್ಮವೆಂದು ತಿಳಿದಾರು. ಹಾಗಲ್ಲ. 1583ರಲ್ಲಿ ಫ್ರಾನ್ಸಿನ ಜ್ವಾಯೂಸ್ ಡ್ಯೂಕ್ ಬಂದಾಗ, ಹಾಡುವ ಕೃತಿಗಳನ್ನು ಅವುಗಳ ಅಲಂಕಾರಸಮೇತ ಬರೆದಿದ್ದ ಪುಸ್ತಕವನ್ನೇ ಆತನ ಕೈಗಿತ್ತರು. ಎಲ್ಲವೂ ಮೊದಲೇ ಕೂಡಿ ಕಟ್ಟಿ, ತಿದ್ದಿ ತೀಡಿದ್ದು. ಆದರೆ ಆ ಪುಸ್ತಕ ಅರಮನೆಯ ಹೊಸಿಲು ದಾಟುವಂತಿರಲಿಲ್ಲ. ಕೇಳಿದವರ ಬಾಯಿಂದ ಸುದ್ದಿ ಹರಡಿತು. ಫ್ಲಾರೆನ್ಸಿನ ಮೆದಿಚಿ ಮನೆತನ ಅಂಥದೇ ಮೇಳ ಕಟ್ಟಿಕೊಂಡಿತು.

ಲಾರಾಳಿಗೆ ಮೆಚ್ಚುಗೆಯೇನೂ ಕಡಿಮೆಯಾಗಲಿಲ್ಲ. ಕವಿ ತಾಸ್ಸೊ ಆಕೆಯ ಮೇಲೆ ಪದ್ಯ ಬರೆದ. 1582 ಮತ್ತು 1583ರಲ್ಲಿ 'ಒಣಗಿದ ಲಾರೆಲ್', 'ಹಸುರು ಲಾರೆಲ್' ಎಂದು ಆಕೆಯ ಹೆಸರಿನೊಡನೆ ಶ್ಲೇಷೆಯಾಡಿ ಎರಡು ಮ್ಯಾಡ್ರಿಗಲ್ ಸಂಕಲನಗಳನ್ನು ಅಚ್ಚು ಹಾಕಿಸಿದರು. ಎರಡರಲ್ಲೂ ಇರುವುದು ಗಂಡಸರ ರಚನೆಗಳು.

ಅಲ್ಫೊನ್ಸೊ 1597ರಲ್ಲಿ ವಾರಸುದಾರರಿಲ್ಲದೆ ತೀರಿಕೊಂಡ. ಮರುವರ್ಷ ಫೆರಾರಾ ಪೋಪರ ವಶವಾಯಿತು, ಎಸ್ತೆ ಮನೆತನ ಮೊದೆನಾಕ್ಕೆ ಹೊರಟಿತು. ಆನ್ನಾಳನ್ನು ಆಕೆಯ ಗಂಡನೇ ಅನುಮಾನಪಟ್ಟು ಕೊಲ್ಲಿಸಿದ್ದೂ 1598ರಲ್ಲೇ. ಲಾರಾ ಕೂಡ ಹೆಚ್ಚು ಕಾಲ ಬದುಕಲಿಲ್ಲ.

ಈ ಮೇಳದ ಹಾಡುಗಳು ಅಚ್ಚಾದದ್ದು 1601ರಲ್ಲಿ. ಅವರಿಗೆ ಕೀಲಿಮಣೆಯ ಸಾಥ್ ನೀಡುತ್ತಿದ್ದ ಲುಜ್ಜಾಸ್ಕಿ ಹನ್ನೆರಡು ಮ್ಯಾಡ್ರಿಗಲ್‌ಗಳನ್ನು ರೋಮಿನಲ್ಲಿ ಪ್ರಕಟಿಸಿದ. ಅಷ್ಟೂ ಅಲಂಕಾರಗಳು ಅಲ್ಲಿ ಸ್ವರಸ್ವರವಾಗಿ ದಾಖಲಾಗಿವೆ. ವರ್ಷಗಟ್ಟಲೆ ಕೂಡಿ ಅಭ್ಯಾಸ ಮಾಡಿದ ಆ ಓಟಗಳಲ್ಲಿ ಆತನದೆಷ್ಟು, ಆ ಹೆಂಗಸರದೆಷ್ಟು ಎಂದು ಬಿಡಿಸುವುದು ಸಾಧ್ಯವಿಲ್ಲ. ಶೀರ್ಷಿಕೆ ಪುಟದಲ್ಲಿ ಲುಜ್ಜಾಸ್ಕಿಯ ಹೆಸರಿದೆ, ತೀರಿಕೊಂಡ ದೊರೆಯ ಹೆಸರೂ ಇದೆ. ಹಾಡಿದವರದಿಲ್ಲ.