ಗ್ರಾಮ ಪಂಚಾಯತಿಯ ವಾಟ್ಸಾಪ್ ಗುಂಪು: ಸದಸ್ಯರ ಸಂಖ್ಯೆಗಿಂತ ಸ್ಪಂದನೆ ಮುಖ್ಯ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳಲ್ಲಿ ಗ್ರಾಮ ಪಂಚಾಯತಿಯ ಸುದ್ದಿ ಈಗ ಸೂಚನಾ ಫಲಕಕ್ಕಿಂತ ಮೊದಲು ಮೊಬೈಲಿಗೆ ತಲುಪುತ್ತದೆ. ಆದರೆ ಗುಂಪಿನಲ್ಲಿ ಐದುನೂರು ಮಂದಿ ಇದ್ದಾರೆಂದ ಮಾತ್ರಕ್ಕೆ ಅಷ್ಟೂ ಜನ ಓದುತ್ತಿದ್ದಾರೆಂದು ಭಾವಿಸಲಾಗದು. ಶುಭಾಶಯ, ಸನ್ಮಾನದ ಚಿತ್ರಗಳೇ ತುಂಬಿದ ಗುಂಪಿನ ಧ್ವನಿಯನ್ನು ಜನರು ಮ್ಯೂಟ್ ಮಾಡುತ್ತಾರೆ. ಆಗ ತುರ್ತು ಸೂಚನೆಯೂ ಕೇಳಿಸುವುದಿಲ್ಲ.

ಕರಾವಳಿಯಲ್ಲಿ ಇದು ಜೀವದ ಪ್ರಶ್ನೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. ಲಿಂಗನಮಕ್ಕಿ ಜಲಾಶಯವು ತನ್ನ ಗರಿಷ್ಠ ಮಟ್ಟವಾದ 1819 ಅಡಿಯನ್ನು ಸಮೀಪಿಸಿದಾಗ, ಹೊನ್ನಾವರದ ಶರಾವತಿ ದಡದ ಕುಟುಂಬಗಳು ನೀರು ಬಿಡುವ ಸೂಚನೆಯನ್ನು ಸಕಾಲದಲ್ಲಿ ಪಡೆಯಬೇಕಾಗುತ್ತದೆ. ಮಳೆಗಾಲದ ಎಚ್ಚರಿಕೆಯನ್ನು ಜನ ನಂಬಬೇಕಾದರೆ ಬೇಸಿಗೆಯ ನೀರಿನ ದೂರಿಗೂ ಉತ್ತರ ಸಿಕ್ಕಿರಬೇಕು. ಈ ನಿಟ್ಟಿನಲ್ಲಿ ಮಾನ್ಯ ಸದಸ್ಯರು ಗಮನಿಸಬಹುದಾದ ಅಂಶಗಳು ಹೀಗಿವೆ.

1. ಎರಡು ಗುಂಪುಗಳಿರಲಿ: ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತಿರಲಿ, ಅದು ಎಚ್ಚರಿಕೆ ಹಾಗೂ ಪ್ರಕಟಣೆಗಳಿಗೆ ಮೀಸಲು. ಇನ್ನೊಂದರಲ್ಲಿ ಗ್ರಾಮಸ್ಥರು ಮುಕ್ತವಾಗಿ ಮಾತನಾಡಲಿ.

2. ಸಂದೇಶ ನಿರ್ದಿಷ್ಟವಾಗಿರಲಿ: "ನೀರು ಪೂರೈಕೆಯಲ್ಲಿ ವ್ಯತ್ಯಯ" ಎಂದಷ್ಟೇ ಬರೆದರೆ ಸಾಲದು. ಯಾವ ವಾರ್ಡು, ಎಷ್ಟು ದಿನ, ಯಾರನ್ನು ಸಂಪರ್ಕಿಸಬೇಕು ಎಂಬುದನ್ನೂ ತಿಳಿಸಬೇಕು.

3. ಉತ್ತರಿಸಬಹುದಾದ ಪ್ರಶ್ನೆ ಕೇಳಿ: "ಸಲಹೆಗಳಿಗೆ ಸ್ವಾಗತ" ಎಂದರೆ ಮೌನವೇ ಉತ್ತರ. "ನಿಮ್ಮ ಕೇರಿಯಲ್ಲಿ ಯಾವ ಬೀದಿದೀಪ ಉರಿಯುತ್ತಿಲ್ಲ?" ಎಂದು ಕೇಳಿದರೆ ಹತ್ತು ಉತ್ತರ ಬರುತ್ತವೆ.

4. ದೂರನ್ನು ಕೊನೆ ಮುಟ್ಟಿಸಿ: ದೂರು ಬಂದ ದಿನವೇ ಸ್ವೀಕೃತಿ ತಿಳಿಸಿ. ದುರಸ್ತಿಯಾದ ಬಳಿಕ ಅದೇ ಗುಂಪಿನಲ್ಲಿ ಚಿತ್ರ ಹಾಕಿ. ಸಾಧ್ಯವಾಗದಿದ್ದರೆ ಕಾರಣವನ್ನು ನೇರವಾಗಿ ಹೇಳಿ. ಅನುದಾನವಿಲ್ಲವೆಂಬ ಉತ್ತರವೂ ಮೌನಕ್ಕಿಂತ ಮೇಲು.

5. ಜನರ ಭಾಷೆಯಲ್ಲಿ ಮಾತನಾಡಿ: ನಮ್ಮಲ್ಲಿ ಕೊಂಕಣಿ, ನವಾಯತಿ ಮನೆಮಾತಿನವರೂ ಓದಲು ಬಾರದ ಹಿರಿಯರೂ ಇದ್ದಾರೆ. ಪರಿಚಿತ ವಾರ್ಡ್ ಸದಸ್ಯರ ಅರ್ಧ ನಿಮಿಷದ ಧ್ವನಿ ಸಂದೇಶ ದೀರ್ಘ ಬರಹಕ್ಕಿಂತ ಬೇಗ ತಲುಪುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಅವಧಿಯಲ್ಲಿ ಬೋಟಿನ ಮೀನುಗಾರರು ದಡದಲ್ಲಿರುತ್ತಾರೆ; ಅವರೊಡನೆ ಚರ್ಚಿಸಲು ಅದು ಸೂಕ್ತ ಸಮಯ.

6. ಮೂಲ ಪರಿಶೀಲಿಸಿ, ಗೋಪ್ಯತೆ ಕಾಪಾಡಿ: ದಿನಾಂಕವಿಲ್ಲದ ನೆರೆಯ ವಿಡಿಯೋಗಳನ್ನು ಮುಂದಕ್ಕೆ ಕಳುಹಿಸಬಾರದು. ಜಿಲ್ಲಾಡಳಿತದ ಅಧಿಕೃತ ಸೂಚನೆಯನ್ನು ದಿನಾಂಕ, ವೇಳೆ ಸಹಿತ ಹಾಕಬೇಕು. ಫಲಾನುಭವಿಗಳ ಆಧಾರ್ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಗುಂಪಿನಲ್ಲಿ ಪ್ರಕಟಿಸಕೂಡದು.

ಯಶಸ್ಸನ್ನು ಅಳೆಯಲು ಲೈಕ್‌ಗಳ ಲೆಕ್ಕ ಬೇಡ. ತಿಂಗಳಿಗೆ ಎಷ್ಟು ಪ್ರಶ್ನೆ ಬಂದವು, ಎಷ್ಟಕ್ಕೆ ಉತ್ತರಿಸಲಾಯಿತು, ಎಷ್ಟು ಇತ್ಯರ್ಥವಾದವು ಎಂಬ ಮೂರು ಅಂಕಿಗಳನ್ನು ಒಂದು ವಹಿಯಲ್ಲಿ ಬರೆದು ಸಾಮಾನ್ಯ ಸಭೆಯ ಮುಂದಿಡಬಹುದು.

ವಾಟ್ಸಾಪ್ ಗುಂಪು ಗ್ರಾಮಸಭೆಗೆ ಪರ್ಯಾಯವಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಗುಂಪಿನಲ್ಲಿ ಪದೇ ಪದೇ ಬರುವ ವಿಷಯಗಳನ್ನು ಆ ಸಭೆಗೆ ತರಬೇಕು; ಅಲ್ಲಿ ಕೈಗೊಂಡ ತೀರ್ಮಾನಗಳನ್ನು ಗುಂಪಿಗೂ, ಮೊಬೈಲಿಲ್ಲದವರಿಗಾಗಿ ಸೂಚನಾ ಫಲಕಕ್ಕೂ ಹಾಕಬೇಕು.